ಅವ್ವ ಹಾಕದ ಸಹಿ

ಅಧ್ಯಕ್ಷ ಸ್ಥಾನದಲ್ಲಿರುವ ಬಸವೇಶ್ವರಿ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಬ್ಯಾಂಕಿನ ಅಧಿಕಾರಿಗಳೇ, ನಾರಾಯಣಖೇಡ್, ತಾಂಡೂರು, ಕೊಹೀರಿನಿಂದ ಅಂಗಡಿ ಮುಚ್ಚಿ ಬಂದಿರುವ ವ್ಯಾಪಾರಿ ಬಂಧುಗಳೇ, ಅಂಗಡಿ ಮುಚ್ಚದೆ ಹೆಂಡತಿಯನ್ನು ಗಲ್ಲಾದ ಮೇಲೆ ಕೂರಿಸಿ ಬಂದಿರುವ ಜಾಣರೇ, ಮತ್ತು ಎಲ್ಲ ಸಭಿಕರೇ,

ನಮ್ಮ ಜಹೀರಾಬಾದಿನ ಕನ್ನಡ ವ್ಯಾಪಾರಿಗಳ ಬಳಗದ ಈ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದ್ದೀರಿ. ಅದಕ್ಕೆ ಋಣಿ. ಆದರೆ ಶಾಲಿನ ಜೊತೆಗೆ ಒಂದು ವಿಷಯವನ್ನೂ ಹೊದಿಸಿದ್ದೀರಿ: 'ವ್ಯಾಪಾರಿಗಳ ವೈಯಕ್ತಿಕ ಹಣಕಾಸು ಯೋಜನೆ'. ಕಾರ್ಯದರ್ಶಿ ಅಮರ ಅವರು ಫೋನಿನಲ್ಲಿ ಈ ಹೆಸರು ಹೇಳಿದಾಗ ನಾನು, "ತಮ್ಮಾ, ಇದು ನನಗ ಯಾಕ? ನಾ ಬ್ಯಾಳಿ ಒಡಿಯಾಂವ" ಎಂದೆ. ಅದಕ್ಕವರು, "ಕಾಕಾ, ನಿಮ್ಮ ಮಿಲ್ಲ ಮುಳುಗಿದ್ರೂ ಮನಿ ಮುಳುಗಲಿಲ್ಲಲ್ಲರಿ, ಅದೇ ಹೇಳ್ರಿ" ಎಂದರು. ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ. ಇರಲಿ, ಅದನ್ನೇ ಹೇಳುತ್ತೇನೆ.

ಹತ್ತು ವರ್ಷಗಳ ಹಿಂದೆ ತೊಗರಿಯ ಬೆಲೆ ಆಕಾಶಕ್ಕೆ ಏರಿದ್ದು ನಿಮಗೆ ನೆನಪಿದೆಯಲ್ಲವೇ? ಆಗ ನಾರಾಯಣಖೇಡಿನ ನಮ್ಮ ದಾಲ್ ಮಿಲ್ಲು ಹಗಲು ರಾತ್ರಿ ಓಡುತ್ತಿತ್ತು. ಗಂಜಿನ ಕಾಳಿನ ಮಾರುಕಟ್ಟೆಯಲ್ಲಿ ನಾನು ನಡೆದು ಬಂದರೆ ಚಹಾದವನು ಕೇಳದೆಯೇ ಹಾಲಿನ ಕೆನೆ, ಮಲಾಯಿ ಹಾಕುತ್ತಿದ್ದ. ಮಲಾಯಿ ತಲೆಗೆ ಏರುತ್ತದೆ, ಬಂಧುಗಳೇ. ತಾಂಡೂರಿನಲ್ಲಿ ಎರಡನೆಯ ಮಿಲ್ಲು ಹಾಕಬೇಕು, ಅದರಲ್ಲಿ ಕಾಳಿನ ಬಣ್ಣ ನೋಡಿ ಆರಿಸುವ ದೊಡ್ಡ ಯಂತ್ರ ಕೂರಿಸಬೇಕು ಎಂದು ಹಟ ಹಿಡಿದೆ. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದರು. ಮನೆಯನ್ನು ಅಡವಿಟ್ಟರೆ ಇಮ್ಮಡಿ ಕೊಡುತ್ತೇವೆ ಎಂದರು. ಆದರೆ ಮನೆ ನನ್ನ ಹೆಸರಿನಲ್ಲಿರಲಿಲ್ಲ. ನಮ್ಮ ತಂದೆ ಶಂಕ್ರೆಪ್ಪನವರು ಅದನ್ನು ನಮ್ಮ ಅವ್ವ ಸುಗಲಾಬಾಯಿಯ ಹೆಸರಿಗೆ ಮಾಡಿ ತೀರಿಕೊಂಡಿದ್ದರು.

ಕಾಗದ ತೆಗೆದುಕೊಂಡು ಹೋದೆ. ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅವ್ವಾ, ಇಲ್ಲೊಂದು ಸಹಿ ಮಾಡು."

"ಏನದ ಇದ್ರಾಗ?"

"ಮನಿ ಅಡ ಇಡಾದು. ಸುಮ್ನ ಹೆಸರಿಗಷ್ಟೇ."

ಅವ್ವ ಮೊರ ಕೆಳಗಿಟ್ಟಳು. "ಮಿಲ್ಲಿನಾಗ ಮೊಗಲಪ್ಪಗ ಪಗಾರ ಅದ. ನಿನಗ ಎಷ್ಟದ?"

ಮೊಗಲಪ್ಪ ನಮ್ಮ ಮಿಲ್ಲಿನ ಹಳೆಯ ಮೇಸ್ತ್ರಿ. ನಾನು ನಕ್ಕೆ. "ನಾ ಮಾಲಕ ಇದ್ದೀನವ್ವಾ. ಮಾಲಕಗ ಎಲ್ಲಿ ಪಗಾರ?"

"ಯಾಕ, ಮಾಲಕಗ ಹೊಟ್ಟಿ ಇಲ್ಲೇನು?"

ಇದಕ್ಕೆ ನೀವಾದರೂ ಉತ್ತರ ಕೊಡುತ್ತೀರಾ? ಅಲ್ಲಿಯವರೆಗೆ ನಮ್ಮ ಮನೆಗೆ ಹಾಲು ಬೇಕಾದರೂ ಗಲ್ಲಾಪೆಟ್ಟಿಗೆಯ ಹಣ, ಮಿಲ್ಲಿಗೆ ಬೆಲ್ಟು ಬೇಕಾದರೂ ಅದೇ ಗಲ್ಲಾ. ಮಿಲ್ಲಿಗೆ ಬೆಂಕಿಯ ವಿಮೆ ಇತ್ತು, ಲಾರಿಗೆ ವಿಮೆ ಇತ್ತು. ಲಾರಿಯ ಮಾಲಕನಿಗೆ ಇರಲಿಲ್ಲ. ನಿಮ್ಮಲ್ಲಿ ಹಲವರು ನಗುತ್ತಿದ್ದೀರಿ; ಯಾರು ನಗುತ್ತಿಲ್ಲವೋ ಅವರಿಗೂ ವಿಮೆ ಇಲ್ಲ ಎಂದು ನನಗೆ ಗೊತ್ತು.

ಅವ್ವ ಸಹಿ ಹಾಕಲಿಲ್ಲ. ಅದರ ಮೇಲೊಂದು ಹುಕುಂ ಮಾಡಿದಳು. "ಒಂದನೇ ತಾರೀಖಿಗಿ ಮೊಗಲಪ್ಪನ ಹಂಗ ನೀನೂ ಪಗಾರ ತಗೊ. ತಂದು ಪ್ರೇಮಲಾನ ಕೈಯಾಗ ಇಡು. ಮನಿ ಅದ್ರಾಗೇ ನಡೀಬೇಕು. ಉಳಿದದ್ದು ನಾ ಪೋಸ್ಟಿನಾಗ ಇಡ್ತೀನಿ." ಪ್ರೇಮಲಾ ಎಂದರೆ ನನ್ನ ಶ್ರೀಮತಿ, ಇಗೋ, ಮೊದಲ ಸಾಲಿನಲ್ಲಿ ಕುಳಿತು ಇಷ್ಟಕ್ಕೇ ನಿಲ್ಲಿಸಿ ಎಂದು ಕಣ್ಸನ್ನೆ ಮಾಡುತ್ತಿದ್ದಾಳೆ.

ಸಿಟ್ಟಿನಿಂದ ಒಪ್ಪಿಕೊಂಡೆ. ಎರಡು ವರ್ಷ, ಪ್ರತಿ ಒಂದನೇ ತಾರೀಖು, ಹಣವನ್ನು ಪ್ರೇಮಲಾಳ ಮುಂದೆ ಎಸೆದಂತೆ ಇಡುತ್ತಿದ್ದೆ. ಅವ್ವನ ಜೊತೆ ಊಟಕ್ಕೆ ಬೇಕಾದಷ್ಟೇ ಮಾತು. ತಾಂಡೂರಿನ ಮಿಲ್ಲನ್ನು ಬಾಡಿಗೆ ಶೆಡ್ಡಿನಲ್ಲಿ, ಬರೀ ಯಂತ್ರದ ಮೇಲಿನ ಸಾಲದಲ್ಲಿ ಹಾಕಿದೆ. ಬಂದವರಿಗೆಲ್ಲ, "ನಮ್ಮ ಅವ್ವ ಒಂದು ಸಹಿ ಹಾಕಿದ್ದರೆ ಇದರ ಎರಡರಷ್ಟು ಆಗುತ್ತಿತ್ತು" ಎಂದು ಹೇಳಿಕೊಂಡು ತಿರುಗಿದೆ. ಹೆತ್ತವಳ ಬಗ್ಗೆ ಗಂಜಿನಲ್ಲಿ ನಿಂತು ಹಾಗೆ ಮಾತಾಡಿದೆನಲ್ಲ!

ಆಮೇಲೆ ತೊಗರಿ ಇಳಿಯಿತು. ಹೇಗೆ ಇಳಿಯಿತೆಂದು ನಿಮಗೆ ನಾನು ಹೇಳಬೇಕೇ? ತುಟ್ಟಿಗೆ ಕೊಂಡ ಮಾಲು ಗೋದಾಮಿನ ತುಂಬ ಇತ್ತು. ಆದರೂ ನನ್ನ ತಲೆಯಲ್ಲಿ ಒಂದೇ ಮಾತು: ಈಗ ಅಗ್ಗವಾಗಿದೆ, ಇನ್ನಷ್ಟು ಕೊಂಡರೆ ಏರಿದಾಗ ಎಲ್ಲವೂ ವಾಪಸು ಬರುತ್ತದೆ. ಕೊಳ್ಳಲು ಹಣವಿರಲಿಲ್ಲ. ಅವ್ವನ ಪೋಸ್ಟಿನ ಪುಸ್ತಕ ಇತ್ತು.

ಸಭಿಕರೇ, ಮುಂದಿನದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿಲ್ಲ. ಆದರೆ ಶಾಲು ಹೊದ್ದುಕೊಂಡು ಸುಳ್ಳು ಹೇಳಿದರೆ ಶಾಲು ಚುಚ್ಚುತ್ತದೆ. ಅವ್ವ ನೆಂಟರ ಮದುವೆಗೆ ಹೋದ ದಿನ ಟ್ರಂಕಿನಿಂದ ಆ ಪುಸ್ತಕ ತೆಗೆದೆ. ಹಣ ತೆಗೆಯುವ ಫಾರಂ ತುಂಬಿದೆ. 'ಸುಗಲಾಬಾಯಿ' ಎಂದು ನಾನೇ ಸಹಿ ಹಾಕಿದೆ. ಹೌದು, ನಾನೇ.

ಪೋಸ್ಟ್ ಆಫೀಸಿನ ಕಿಟಕಿಯಲ್ಲಿ ಬಾಲಮಣಿ ಎಂಬ ಹೆಣ್ಣುಮಗಳು ಇದ್ದಳು. ಫಾರಂ ನೋಡಿದಳು, ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. ಹಿಂದೆ ನಿಂತವರಿಗೆ ಕೇಳದ ಹಾಗೆ ಮೆಲ್ಲಗೆ, "ಅಣ್ಣಾ, ಅಮ್ಮನ ಸಹಿ ಇಷ್ಟು ಚಂದ ಇರಲ್ಲರಿ" ಎಂದಳು.

ನಾನು ಫಾರಂ ಹರಿದು ಜೇಬಿಗೆ ಹಾಕಿಕೊಂಡೆ. ಮನೆಯವರೆಗೆ ಮುಖ ಎತ್ತದೆ ನಡೆದೆ. ಸಂಜೆ ಅವ್ವ ಬಸ್ಸಿಳಿದು ಬಂದಳು. ಬಂದವಳ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

"ನಾಕನೇ ಕ್ಲಾಸ ಓದುವಾಗ ಪಾಟಿ ಮ್ಯಾಲ ಬಳಪ ಹಿಡಿಸಿ ನನಗ ಸಹಿ ಕಲಿಸಿದಾಂವ ನೀನೇ ಅಲ್ಲೇನಪ್ಪಾ. ಎಲ್ಲಿ ಹಾಕಬಾರದು ಅಂಬೋದು ನಾನೇ ಕಲಿತೀನಿ."

ಮುಂದಿನ ತಿಂಗಳು ತೊಗರಿ ಇನ್ನೂ ಇಳಿಯಿತು. ತಾಂಡೂರಿನ ಮಿಲ್ಲಿಗೆ ಬೀಗ ಬಿತ್ತು, ಯಂತ್ರವನ್ನು ಬ್ಯಾಂಕಿನವರು ಒಯ್ದರು, ಲಾರಿ ಮಾರಿದೆ. ನಾರಾಯಣಖೇಡಿನ ಮಿಲ್ಲು ಕೂಡ ಹನ್ನೊಂದು ತಿಂಗಳು ಮಲಗಿತು. ಆದರೆ ಆ ಹನ್ನೊಂದು ತಿಂಗಳು ನಮ್ಮ ಮನೆಯ ಒಲೆ ಒಂದು ಹೊತ್ತೂ ಆರಲಿಲ್ಲ. ಹೈದರಾಬಾದಿನಲ್ಲಿ ಓದುತ್ತಿದ್ದ ಮಗಳು ಪೂರ್ಣಿಮಾಳ ಫೀಸು ಒಂದು ದಿನ ತಡವಾಗಲಿಲ್ಲ. ಆ ಹಣ ಎಲ್ಲಿಂದ ಬಂತೆಂದು ನಿಮಗೆ ತಿಳಿದಿದೆ. ಮಿಲ್ಲಿಗೆ ಒಂದು ಚೀಲ ತೊಗರಿ ಕೊಳ್ಳುತ್ತೇನೆಂದರೂ ಅವ್ವ ಅದರಿಂದ ಒಂದು ರೂಪಾಯಿ ಬಿಚ್ಚಲಿಲ್ಲ. "ಇದು ಮನೀದು" ಎನ್ನುತ್ತಿದ್ದಳು, ಅಷ್ಟೇ.

ಮಿಲ್ಲು ಮತ್ತೆ ಎದ್ದಿತು. ಈಗ ಒಂದನೇ ತಾರೀಖು ಮೊದಲು ಮೊಗಲಪ್ಪನಿಗೆ ಪಗಾರ, ಆಮೇಲೆ ನನಗೆ. ನನಗೂ ವಿಮೆ ಇದೆ. ನನ್ನ ಮತ್ತು ಪ್ರೇಮಲಾಳ ಮುಪ್ಪಿಗೆಂದು ತೆಗೆದಿಟ್ಟ ಹಣಕ್ಕೂ ಮಿಲ್ಲಿಗೂ ಸಂಬಂಧವಿಲ್ಲ. ಅವ್ವನಿಗೆ ಎಂಬತ್ತೆರಡು. ಇವತ್ತು ಕರೆದೆ. "ಭಾಷಣ ಕೇಳಿದ್ರ ನನಗ ನಿದ್ದಿ ಬರ್ತದ, ನೀನೇ ಹೋಗಿ ಬಾ" ಎಂದಳು.

ಭಾಷಣ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡು ವಾರದ ಹಿಂದೆ ನಮ್ಮ ಪೂರ್ಣಿಮಾ ಒಂದು ಕಾಗದ ಹಿಡಿದುಕೊಂಡು ನನ್ನ ಮುಂದೆ ನಿಂತಳು. ಪಸ್ತಾಪುರದ ಹೆಣ್ಣುಮಕ್ಕಳು ಬೆಳೆಯುವ ನವಣೆ, ಸಾವೆ ಕೊಂಡು ಬಿಸ್ಕತ್ತು ಮಾಡುವ ಕಾರ್ಖಾನೆ ಹಾಕುತ್ತಾಳಂತೆ. ಯೋಜನೆ ಚೆನ್ನಾಗಿದೆ, ಬಿಸ್ಕತ್ತು ಇನ್ನೂ ಚೆನ್ನಾಗಿದೆ. ನಾನೊಬ್ಬನೇ ಒಂದು ಡಬ್ಬಿ ಮುಗಿಸಿದ್ದೇನೆ. ಆದರೆ ನಮ್ಮ ಮುಪ್ಪಿನ ಹಣವನ್ನು ಬ್ಯಾಂಕಿಗೆ ಜಾಮೀನು ಇಡಲು ನನ್ನ ಸಹಿ ಬೇಕಂತೆ.

"ಅಪ್ಪಾ, ನನ್ನ ಮ್ಯಾಲ ಭರೋಸಾ ಇಲ್ಲೇನು?" ಎಂದು ಕೇಳಿದಳು.

ನಾನು ಹಾಕಲಿಲ್ಲ. ಅಂದಿನಿಂದ ಅವಳು ನನ್ನೊಡನೆ ಮಾತಾಡಿಲ್ಲ. ಇವತ್ತು ಬಂದಿದ್ದಾಳೆ, ಹಿಂದಿನ ಬಾಗಿಲಿನ ಹತ್ತಿರ ಗೋಡೆಗೆ ಆತು ನಿಂತಿದ್ದಾಳೆ. ಅಮ್ಮಾ ಪೂರ್ಣಿಮಾ, ಆ ದಿನ ನೀನು ಕೇಳಿದ್ದಕ್ಕೆ ಈಗ ಹೇಳುತ್ತೇನೆ. ನಿನ್ನ ಮೇಲೆ ಭರವಸೆ ಇದೆ. ಮಾರುಕಟ್ಟೆಯ ಮೇಲೆ ಇಲ್ಲ. ಈ ವರ್ಷ ನನ್ನ ಪಗಾರದಲ್ಲಿ ಉಳಿದದ್ದೆಲ್ಲ ನಿನ್ನದು. ಸಾಲವಲ್ಲ, ತಿರುಗಿ ಕೊಡುವ ಮಾತಿಲ್ಲ. ಸಣ್ಣ ಒಲೆಯಿಂದ ಶುರು ಮಾಡು. ಮೊದಲ ತಿಂಗಳಿಂದಲೇ ನಿನಗೆ ನೀನು ಪಗಾರ ಕೊಟ್ಟುಕೋ. ನಾಳೆ ಬೆಳಗ್ಗೆ ಇಬ್ಬರೂ ಪಸ್ತಾಪುರಕ್ಕೆ ಹೋಗಿ ಜಾಗ ನೋಡೋಣ. ಬರುತ್ತೀಯಾ?

ಕ್ಷಮಿಸಿ, ಸಭಿಕರೇ, ಒಂದು ನಿಮಿಷ. ಅವಳು ಬಾಗಿಲ ಕಡೆ ತಿರುಗಿದಳು... ಹೋಗುತ್ತಾಳೇನೋ. ಇಲ್ಲ, ಇಲ್ಲ. ಮುಂದೆಯೇ ಬರುತ್ತಿದ್ದಾಳೆ. ಪ್ರೇಮಲಾ, ಆ ಕುರ್ಚಿಯ ಮೇಲಿನ ಚೀಲ ತೆಗೆ, ಹುಡುಗಿ ಕೂರಲಿ.

ಇಷ್ಟು ಹೊತ್ತು ನನ್ನ ಮನೆಯ ಮಾತನ್ನು ನಿಮ್ಮ ಮನೆಯ ಮಾತಿನಂತೆ ಕೇಳಿದ ತಮ್ಮೆಲ್ಲರಿಗೂ, ಶಾಲು ಹೊದಿಸಿದ ಬಳಗಕ್ಕೂ ವಂದನೆಗಳು. ನನ್ನ ಮಗಳು ಕುಳಿತಳು, ನಾನೂ ಕೂರುತ್ತೇನೆ. ಶರಣು, ನಮಸ್ಕಾರ.