ನಲವತ್ತನೆಯ ಹಾಳೆ

ಮೀನಾ ಬೈರಯ್ಯ ಮೇಡಂ ನಮ್ಮ ಬಸವನಗುಡಿಯ ಈ ಪುಟ್ಟ ಮಹಿಳಾ ಸಮಾಜಕ್ಕೆ ಬರಲು ಒಪ್ಪಿಬಿಟ್ಟಿದ್ದಾರೆ!

ಕ್ಷಮಿಸಿ. ಮೊದಲು ಅಧ್ಯಕ್ಷೆ ಗುರುಬಸಮ್ಮನವರಿಗೆ, ವೇದಿಕೆಯ ಹಿರಿಯರಿಗೆ, ಸಭಿಕರೇ, ನಿಮಗೆಲ್ಲ ವಂದಿಸಬೇಕಿತ್ತು. ಚೀಟಿಯಲ್ಲಿ ಹಾಗೇ ಬರೆದುಕೊಂಡಿದ್ದೆ. ಮದುವೆಯಾಗಿ ಇಪ್ಪತ್ತಾರು ದಿನ. ಯಾವ ಖುಷಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನನ್ನ ಇಂಗ್ಲಿಷ್ ಮೀಡಿಯಂ ಕನ್ನಡವನ್ನೂ ಸ್ವಲ್ಪ ಸಹಿಸಿಕೊಳ್ಳಿ.

ಮೇಡಂ ಯಾರು? ಯೋಜನಾ ಸಮಿತಿಯ ಅಧ್ಯಕ್ಷ ಸ್ಥಾನದಲ್ಲಿ ಕುಳಿತ ಮೊದಲ ಅರ್ಥಶಾಸ್ತ್ರಜ್ಞೆ. ಈಗಿರುವುದು ದೆಹಲಿಯಲ್ಲಿ, ಹುಟ್ಟಿದ್ದು ಇಲ್ಲೇ ಚಾಮರಾಜಪೇಟೆಯ ವಠಾರದಲ್ಲಿ. ಅವರಮ್ಮ ಸಿದ್ದಮ್ಮ ದಿನವಿಡೀ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಜನಗಣತಿಯವರು ಬಂದು, "ನಿಮ್ಮನೆಯವ್ರು ಏನ್ ಕೆಲ್ಸ ಮಾಡ್ತಾರೆ?" ಎಂದು ಕೇಳಿದಾಗ ಮೇಡಂ ಅವರ ಅಪ್ಪ, "ಏನೂ ಇಲ್ಲ ಸಾರ್, ಮನೇಲೇ ಇರ್ತಾಳೆ" ಎಂದರಂತೆ. ಪಕ್ಕದಲ್ಲೇ ಸಿದ್ದಮ್ಮನ ಎರಡೂ ಕೈ ಕಪ್ಪಗಿದ್ದವು. ಆ ಉತ್ತರವನ್ನು ತಿದ್ದುವುದಕ್ಕೇ ಮಗಳು ಇಡೀ ವೃತ್ತಿಜೀವನ ಕೊಟ್ಟರು. ಹೆಂಗಸರ ಮನೆಗೆಲಸವನ್ನೂ ದೇಶದ ದುಡಿಮೆಗೆ ಸೇರಿಸಿ ಎಂದು ಎಷ್ಟು ಮಂತ್ರಿಗಳ ಹತ್ತಿರ ವಾದ, ಎಷ್ಟು ಜಗಳ!

ಅಂಥವರು ನಮಗೆ ಹಾಕಿದ್ದು ಒಂದೇ ಷರತ್ತು. ಹಾರ ಬೇಡ, ಶಾಲು ಬೇಡ. ಸಮಾಜದ ನಲವತ್ತು ಸದಸ್ಯೆಯರೂ ಒಂದು ದಿನ ಮಾಡಿದ ಕೆಲಸವನ್ನು ಗಂಟೆಗಂಟೆಗೂ ಬರೆದು ಕಳಿಸಬೇಕು. ಒಬ್ಬರು ತಪ್ಪಿಸಿದರೂ ಬರುವುದಿಲ್ಲ. ಮೂವತ್ತೊಂಬತ್ತು ಹಾಳೆ ಬಂದವು. ಉಳಿದವರು ಯಾರು? ನಮ್ಮತ್ತೆ ಶೈಲಜಮ್ಮ!

"ಸುಮ್ನಿರೇ ಯಶು, ನಾನೇನ್ ಆಫೀಸ್‌ಗೆ ಹೋಗ್ತೀನಾ? ಬೇಳೆ ತೊಳ್ದಿದ್ದು ಬರೀಲಾ?"

"ಅದನ್ನೇ ಬರೀರಿ ಅತ್ತೆ, ಪ್ಲೀಸ್!"

ಕೊನೆಯ ದಿನ ಹಾಳೆ ಮಡಿಸಿ ನನ್ನ ಕೈಗಿಟ್ಟರು. ಮೊದಲ ಸಾಲು: "ಬೆಳಗ್ಗೆ ಐದು. ಮಕ್ಕಳಿಗೆ ಎಚ್ಚರವಾಗದಂತೆ ನಲ್ಲಿ ಸಣ್ಣಗೆ ಬಿಟ್ಟು ಪಾತ್ರೆ ತೊಳೆದೆ."

ಸಭಿಕರೇ, ಆ ಮಕ್ಕಳು ನಾನು ಮತ್ತು ನನ್ನ ಗಂಡ ಸ್ವರೂಪ್. ಎದ್ದದ್ದು ಎಂಟೂವರೆಗೆ. ಈ ಮನೆಯಲ್ಲಿ ಬೆಳಗ್ಗೆ ಎಷ್ಟು ನಿಶ್ಶಬ್ದ ಗೊತ್ತಾ ಎಂದು ತವರಿಗೆ ಫೋನ್ ಮಾಡಿ ಹೊಗಳಿದ್ದೆ! ಆ ನಿಶ್ಶಬ್ದವನ್ನು ದಿನಾ ಒಬ್ಬರು ಮಾಡಿಡುತ್ತಿದ್ದರು ಎಂದು ನನಗೆ ಹೊಳೆದೇ ಇರಲಿಲ್ಲ.

ಹಾಗಾಗಿ ಮೇಡಂ ಬರುವ ದಿನ ಅತ್ತೆ ಎಂಟೂವರೆವರೆಗೆ ಮಲಗುತ್ತಾರೆ. ನಲ್ಲಿ ಸಣ್ಣಗೆ ಬಿಡುವ ಸರದಿ ನಮ್ಮಿಬ್ಬರದು. ಆಮೇಲೆ ಮೇಡಂ ಅವರನ್ನು ಕರೆತರಲು ಸ್ಟೇಷನ್ನಿಗೆ ಹೋಗುವವರೂ ಅತ್ತೆಯೇ. ನಾಚಿಕೊಳ್ಳಬೇಡಿ ಅತ್ತೆ, ಎದ್ದು ನಿಲ್ಲಿ, ಎಲ್ಲರೂ ನೋಡಲಿ!

ಕೇಳಿದ ನಿಮಗೆಲ್ಲ ಧನ್ಯವಾದ, ಬರೆದ ನಲವತ್ತು ಕೈಗಳಿಗೂ ನಮಸ್ಕಾರ. ಮರೆಯಬೇಡಿ: ಬರುವ ಭಾನುವಾರ, ಕರ್ನಾಟಕ ಎಕ್ಸ್‌ಪ್ರೆಸ್.