ಪರದೇಶದ ಮೊಳೆಗೆ ತಾತನ ಬಿಲ್ಲೆ

ಊಟ ಮುಗಿಸಿ ಲಾಡ್ಜಿಗೆ ಮರಳುವ ದಾರಿಯಲ್ಲಿ ಒಂದು ಆಲದ ಮರ. ಅದರ ಬುಡದಲ್ಲೇ ಹಳೇ ಗಣಿಯ ಶಾಫ್ಟ್. ದೊಡ್ಡ ಬಾವಿ ಅಂದುಕೊಳ್ಳಿ... ನೀರು ಕಾಣದಷ್ಟು ಆಳ, ಬಾಯಿಗೆ ಕಬ್ಬಿಣದ ಜಾಲರಿ. ಉಳಿದ ಹುಡುಗರು ಮುಂದೆ ಹೋಗಿದ್ದರು. ಸಿಗರೇಟಿನ ಆಸೆಗೆ ಹಿಂದುಳಿದವರು ಇಬ್ಬರು: ನನ್ನ ಚಿಕ್ಕಪ್ಪನ ಮಗ ನಂದಕುಮಾರ್, ಅವನ ಗೆಳೆಯ ಮುನೀಂದ್ರ.

ಜಾಲರಿಯ ಕೆಳಗೆ, ಬಹಳ ಕೆಳಗೆ, ಗಂಟೆ ಬಾರಿಸಿತು.

ಟಣ್... ಟಣ್... ಟಣ್.

"ಕೇಳಿಸ್ತೇನ್ಲಾ?" ಎಂದ ಮುನೀಂದ್ರ.

"ಊಂ."

"ಮನುಷ್ರು ಮ್ಯಾಕ್ ಬತ್ತಾವ್ರೆ ಅಂತ."

ಅದು ಗಣಿಯ ಭಾಷೆ. ಶಾಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುವ ಕೇಜಿನಲ್ಲಿರುವುದು ಕಲ್ಲಲ್ಲ, ಮನುಷ್ಯರು, ನಿಧಾನವಾಗಿ ಎಳೆಯಿರಿ ಎಂದು ಕೆಳಗಿನವರು ಮೇಲಿನವರಿಗೆ ಕೊಡುವ ಸೂಚನೆ. ಕೆಜಿಎಫ್‌ನ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅವರು ನಿಂತಿದ್ದದ್ದು ಕೆಜಿಎಫ್‌ನಲ್ಲಲ್ಲ, ಮಲೇಷ್ಯಾದಲ್ಲಿ. ಅಲ್ಲಿಯ ಗಣಿ ಮುಚ್ಚಿದ್ದು ಅವರಿಬ್ಬರೂ ಹುಟ್ಟುವುದಕ್ಕೆ ಎಷ್ಟೋ ಮುಂಚೆ.

ಇಂಥ ಕತೆಗಳನ್ನು ನಾನು ನಂಬುವವನಲ್ಲ. ಅವು ಯಾವಾಗಲೂ ಯಾರದೋ ಭಾವಮೈದುನನ ಸ್ನೇಹಿತನಿಗೆ ಆಗಿರುತ್ತವೆ. ವಿಚಾರಿಸಲು ಹೋದರೆ ಆ ಸ್ನೇಹಿತ ಊರು ಬಿಟ್ಟಿರುತ್ತಾನೆ. ನಂದ ಊರು ಬಿಟ್ಟಿಲ್ಲ. ದಿನಾ ಬೆಳಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತುತ್ತಾನೆ. ಮತ್ತು ಈ ಕತೆಯ ಕೊನೆಯ ತುಂಡು ನಾನೇ ಕಣ್ಣಾರೆ ಕಂಡದ್ದು. ಅಷ್ಟೇ ವ್ಯತ್ಯಾಸ.

ಹೋದ ವರ್ಷ ಅವರ ಕಾಲೇಜು ಕೊನೆಯ ವರ್ಷದ ಬಿಕಾಂ ಹುಡುಗರನ್ನು ವಿದೇಶ ಪ್ರವಾಸಕ್ಕೆ ಕರೆದೊಯ್ದಿತ್ತು. ಎತ್ತರದ ಕಟ್ಟಡಗಳ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ಗುಹೆಯಲ್ಲಿ ಮುರುಗನನ್ನು ನೋಡಿದರು. ಅವನು ನಮ್ಮ ಊರಲ್ಲೂ ಸಿಗುತ್ತಾನೆ. ದೊಡ್ಡ ದೊಡ್ಡ ಮಾಲುಗಳಲ್ಲಿ ಏನೂ ಕೊಳ್ಳದೆ ಓಡಾಡಿದರು. ಪ್ರವಾಸದಲ್ಲಿ ಸ್ವಲ್ಪ ಶಿಕ್ಷಣವೂ ಇರಲಿ ಎಂದು ಜೊತೆಗಿದ್ದ ಅಧ್ಯಾಪಕಿ ಶಶಿರೇಖ ಮೇಡಂ ಅವರನ್ನು ಕಾಡಿನ ನಡುವಿನ ಒಂದು ತವರದ ಗಣಿಗೆ ಕರೆದೊಯ್ದರು. ಅದೀಗ ಮ್ಯೂಸಿಯಂ. ಮನೆಯ ಹಿಂದೆಯೇ ಮುಚ್ಚಿದ ಗಣಿ ಇಟ್ಟುಕೊಂಡವರು ಸಮುದ್ರ ದಾಟಿ, ಟಿಕೆಟು ಕೊಂಡು, ಇನ್ನೊಂದು ಮುಚ್ಚಿದ ಗಣಿ ನೋಡಿದರು. ಯಾರಿಗೂ ನಗು ಬರಲಿಲ್ಲವಂತೆ.

ನಂದನ ಬೀಗದ ಕೈ ಗೊಂಚಲಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇತ್ತು. ನಮ್ಮ ತಾತ ದೊಡ್ಡವೆಂಕಟಪ್ಪನದು. ತಾತ ಹಳ್ಳಿಯಿಂದ ಸೈಕಲ್ ತುಳಿದು ಕೆಜಿಎಫ್‌ನ ನಂದಿದುರ್ಗ ಗಣಿಗೆ ಹೋಗುತ್ತಿದ್ದವರು. ಇಳಿಯುವ ಮುನ್ನ ಪ್ರತಿಯೊಬ್ಬನೂ ಹಲಗೆಯ ಮೊಳೆಯಿಂದ ತನ್ನ ನಂಬರಿನ ಬಿಲ್ಲೆ ತೆಗೆದುಕೊಳ್ಳಬೇಕು. ಮೇಲೆ ಬಂದ ಮೇಲೆ ಮತ್ತೆ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಹುಡುಕಲು ಜನ ಇಳಿಯುತ್ತಿದ್ದರು.

ಗಣಿ ಮುಚ್ಚಿದ ದಿನ ತಾತ ಬಿಲ್ಲೆಯನ್ನು ಮೊಳೆಗೆ ಹಾಕದೆ ಜೇಬಿಗೆ ಹಾಕಿಕೊಂಡು ಬಂದರು. ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಗಣಿಗೆ ಕೊಟ್ಟಿದ್ದರು; ಬದಲಿಗೆ ಒಂದು ಬಿಲ್ಲೆ ತಂದರೆ ತಪ್ಪೇನು ಎನ್ನುತ್ತಿದ್ದರಂತೆ. ಕೆಲವೇ ವರ್ಷಗಳಲ್ಲಿ ಎದೆಯಲ್ಲಿ ಕಲ್ಲುದೂಳು ತುಂಬಿ ತೀರಿಕೊಂಡರು.

ಅಜ್ಜಿ ಚಿಕ್ಕಮುನಿಯಮ್ಮ ಮಾತ್ರ ತಾತ ತೀರಿಕೊಂಡರು ಎಂಬುದನ್ನು ಒಪ್ಪಲಿಲ್ಲ, ಇನ್ನೂ ಗಣಿಯ ಕೆಳಗೇ ಇದ್ದಾರೆ ಎನ್ನುತ್ತಿದ್ದರು. ಬಿಲ್ಲೆ ಹಾಕದವರು ಮೇಲೆ ಬಂದ ಹಾಗೆ ಹೇಗಾಗುತ್ತದೆ ಎಂಬುದು ಅವರ ವಾದ. ಇವತ್ತಿಗೂ ಸಂಜೆ ಬಚ್ಚಲ ಕಲ್ಲಿನ ಮೇಲೆ ಒಂದು ಬಿಂದಿಗೆ ಬಿಸಿನೀರು ಇಡುತ್ತಾರೆ, ಶಿಫ್ಟು ಮುಗಿಸಿ ಬಂದವರು ಮೈ ತೊಳೆಯಲಿ ಎಂದು. ಬೆಳಗ್ಗೆ ಆ ತಣ್ಣಗಾದ ನೀರನ್ನು ಹಸುಗಳಿಗೆ ಸುರಿಯುವುದು ನಮ್ಮ ಚಿಕ್ಕಮ್ಮನ ಕೆಲಸ. ಮುದುಕಿಯ ಮರುಳು ಎಂದು ನಾವೆಲ್ಲ ಸುಮ್ಮನಿದ್ದೆವು.

ಆ ಪರದೇಶದ ಗಣಿಯಲ್ಲೂ ಸುರಂಗದ ಬಾಯಲ್ಲಿ, ಒಂದು ತಗಡಿನ ಶೆಡ್ಡಿನಲ್ಲಿ, ಅಂಥದೇ ಹಲಗೆ. ಅಂಥವೇ ಬಿಲ್ಲೆಗಳು, ಸಾಲುಸಾಲು. ಒಂದು ಮೊಳೆಯೂ ಖಾಲಿಯಿಲ್ಲ. ಗಣಿ ಮುಚ್ಚಿದಾಗ ಒಬ್ಬನೂ ಕೆಳಗೆ ಉಳಿಯಲಿಲ್ಲ ಎಂದು ಗೈಡು ಹೆಮ್ಮೆಯಿಂದ ಹೇಳಿದನಂತೆ.

ನಂದನಿಗೆ ಒಂದು ಫೋಟೊ ಬೇಕಾಯಿತು. ತಾತನ ಬಿಲ್ಲೆ, ಪರದೇಶದ ಹಲಗೆಯ ಮೇಲೆ. ಜಾಗ ಮಾಡಲು ಮುನೀಂದ್ರ ಅಲ್ಲಿದ್ದ ಒಂದು ಬಿಲ್ಲೆ ತೆಗೆದ. ಆ ಮೊಳೆಗೆ ನಂದ ತಾತನದು ಹಾಕಿದ.

"ನಿಮ್ ತಾತ ಕೊನೆಗೂ ಮ್ಯಾಕ್ ಬಂದ್ರು ಕಣ್ಲಾ," ಎಂದ ಮುನೀಂದ್ರ.

ನಕ್ಕರು. ಫೋಟೊ ತೆಗೆದರು. ಅಷ್ಟರಲ್ಲಿ ಮೇಡಂ ಕೂಗಿದರು, ಬಸ್ಸು ಹೊರಟಿತ್ತು, ಇಬ್ಬರೂ ಓಡಿದರು. ತಾತನ ಬಿಲ್ಲೆ ಮೊಳೆಯಲ್ಲೇ ಉಳಿಯಿತು. ಅಲ್ಲಿಯವನ ಬಿಲ್ಲೆ ಮುನೀಂದ್ರನ ಜೇಬಿನಲ್ಲಿ.

ಬೇರೆ ಊರಿನ ಹುಡುಗರಾಗಿದ್ದರೆ ಅದು ಬರೀ ಹಿತ್ತಾಳೆ. ಇವರಿಗೆ ಅದರ ಅರ್ಥ ಗೊತ್ತಿತ್ತು. ಬಸ್ಸಿನಲ್ಲಿ ಕೂತಾಗ ನೆನಪಾಯಿತು ಕೂಡ. ಲಾಡ್ಜು ಅದೇ ಊರಲ್ಲಿ, ಗಣಿಯಿಂದ ನಡೆದು ಹೋಗುವಷ್ಟು ದೂರ. ಬೆಳಗ್ಗೆ ಬದಲಾಯಿಸಿಕೊಂಡು ಬಂದರಾಯಿತು ಎಂದುಕೊಂಡರು.

ಈಗ ಮತ್ತೆ ಆಲದ ಮರಕ್ಕೆ ಬನ್ನಿ. ಗಂಟೆ ನಿಂತಿತು. ಜಾಲರಿ ಕಿರ್ರ್ ಎಂದಿತು. ಆಮೇಲೆ ಉಸಿರು. ಗೊರ್... ಗೊರ್... ಎದೆಯಲ್ಲಿ ದೂಳು ಕೂತವರ ಉಸಿರು. ನಂದಿದುರ್ಗ ಗಣಿಯ ಕೂಲಿಗಳ ಲೈನು ಮನೆಗಳಲ್ಲಿ ಬೆಳೆದ ಮುನೀಂದ್ರ ಆ ಸದ್ದು ಕೇಳುತ್ತಲೇ ನಿದ್ದೆ ಮಾಡಿದವನು.

"ಯಾರ್ಲಾ ಅದು?" ಪಿಸುಗುಟ್ಟಿದ.

"ತಿರುಗ್ಬೇಡ. ನಡಿ."

ತಿರುಗುವ ಮೊದಲೇ ಏಟು ಬಿತ್ತು. ಫಟ್ ಎಂದಲ್ಲ. ದೊಪ್ ಎಂದು, ಹಸಿ ಮಣ್ಣಿಗೆ ಬಂಡೆ ಬಿದ್ದ ಹಾಗೆ. ಮುನೀಂದ್ರನ ಕೆನ್ನೆ ಸೀಳಿ ಒಳಗಿನ ಹಲ್ಲು ಕಂಡಿತು. ಎರಡನೆಯದು ಪಕ್ಕೆಗೆ. ಹೊಡೆದ ಕೈ ಕಾಣಲಿಲ್ಲ. ಬಿದ್ದವನನ್ನು ನಂದ ಕಂಕುಳಿಗೆ ಕೈಹಾಕಿ ಎಳೆದುಕೊಂಡು ಓಡಿದ.

ಮೇಡಂ ಮೊದಲು ಮಾಡಿದ್ದು ಇಬ್ಬರ ಬಾಯಿ ಮೂಸಿದ್ದು. ಸಿಗರೇಟು ಸಿಕ್ಕಿತು, ಹೆಂಡ ಸಿಗಲಿಲ್ಲ. ಕುಡಿಯದೆಯೇ ಹೀಗೆ ಹೊಡೆದಾಡಿಕೊಂಡಿರಾ ಎಂದು ಬೈದು, ಗಾಯಕ್ಕೆ ಬಟ್ಟೆ ಕಟ್ಟಿದರು. ಆ ಊರಲ್ಲಿ ರಾತ್ರಿ ಡಾಕ್ಟರಿಲ್ಲ. ಬೆಳಗಾದರೆ ಆಸ್ಪತ್ರೆ ಎಂದು ಹೇಳಿ ಹೋದರು.

ನಂದ ಚಿಲಕ ಹಾಕಿ, ಬಾಗಿಲಿಗೆ ಮೇಜು ಒತ್ತಿಟ್ಟ. ದೀಪ ಆರಿಸಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಇಬ್ಬರಿಗೂ ಜೊಂಪು ಹತ್ತಿತು.

ಸರ್... ಸರ್... ಸೂರಿನಿಂದ ಏನೋ ಉದುರುತ್ತಿತ್ತು. ಮುಖದ ಮೇಲೆ, ಹಾಸಿಗೆಯ ಮೇಲೆ. ಬೂದು ಬಣ್ಣದ ದೂಳು. ನಂದ ಎದ್ದು ಕೂರುವಷ್ಟರಲ್ಲಿ ಮುನೀಂದ್ರನ ಕಾಲು ಗಾಳಿಯಲ್ಲಿತ್ತು. ಯಾರೋ ಪಾದ ಹಿಡಿದು ಎತ್ತಿದ ಹಾಗೆ. ಆಮೇಲೆ ಇಡೀ ದೇಹ ಗೋಡೆಗೆ. ಧಡ್. ಮತ್ತೆ ಗೋಡೆಗೆ. ಭುಜದ ಮೂಳೆ ಮುರಿದದ್ದು ನಂದನಿಗೆ ಮಂಚದ ಮೇಲಿಂದಲೇ ಕೇಳಿಸಿತು, ಒಣ ಕಟ್ಟಿಗೆಯ ಹಾಗೆ. ಅಡ್ಡ ಹೋದ ನಂದನಿಗೆ ಹೊಟ್ಟೆಗೆ ಬಿತ್ತು. ಉಸಿರು ಕಟ್ಟಿ ಮೂಲೆಗೆ ಹೋಗಿ ಬಿದ್ದ.

ಮುನೀಂದ್ರ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದ್ದ. ಕೇಳಿದರೆ ಕೊಟ್ಟುಬಿಡೋಣ ಎಂದು. ಅದು ಕೇಳಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಿತು. ಲಟ್... ಲಟ್... ಬಿಲ್ಲೆ ನೆಲಕ್ಕೆ ಬಿದ್ದು ಉರುಳಿ ನಂದನ ಕಾಲ ಬಳಿ ನಿಂತಿತು.

ಅದು ಬಿಲ್ಲೆಯನ್ನು ಎತ್ತಿಕೊಳ್ಳಲಿಲ್ಲ. ಮತ್ತೆ ಹೊಡೆಯತೊಡಗಿತು.

ಆಗ ನಂದನಿಗೆ ಹೊಳೆಯಿತು. ಅದಕ್ಕೆ ಬೇಕಾದದ್ದು ಬಿಲ್ಲೆಯಲ್ಲ. ಮೊಳೆ.

ಮುನೀಂದ್ರ ನೆಲದಲ್ಲಿ ರಕ್ತ ಕೆಮ್ಮುತ್ತಿದ್ದ. "ಓಗ್ಲಾ," ಎಂದ. "ಓಗಿ ಆಕ್ಬುಡು... ನಾನ್ ಉಳಿಯಲ್ಲ."

ನಂದ ಮೇಜು ತಳ್ಳಿ, ಬಿಲ್ಲೆ ಹಿಡಿದು ಓಡಿದ. ಹೊರಗೆ ಮೂಡಲ ಕಡೆ ಸ್ವಲ್ಪ ಬೆಳ್ಳಗಾಗಿತ್ತು. ಆಲದ ಮರ ದಾಟುವಾಗ ಹಿಂದೆ ಬೂಟಿನ ಸದ್ದು ಶುರುವಾಯಿತು. ಕರಕ್... ಕರಕ್... ಹಾಗಾದರೆ ಮುನೀಂದ್ರನನ್ನು ಬಿಟ್ಟಿದೆ ಎಂದು ಸಮಾಧಾನವಾಯಿತಂತೆ. ಆ ಸಮಾಧಾನ ಬೆನ್ನಿಗೆ ಮೊದಲ ಏಟು ಬೀಳುವವರೆಗೆ.

ಶೆಡ್ಡಿಗೆ ಬಾಗಿಲಿಲ್ಲ, ಒಂದು ಸರಪಳಿ ಮಾತ್ರ. ಹಾರಿದ. ತಾತನ ಬಿಲ್ಲೆ ಇಟ್ಟಲ್ಲೇ ಇತ್ತು. ಅದರ ಮೇಲೆಯೇ ಇನ್ನೊಂದನ್ನೂ ಸಿಕ್ಕಿಸಿದ. ಠಣ್. ಯಾರೋ ಬಡಿದ ಹಾಗೆ ಅದು ಕಿತ್ತು ನೆಲಕ್ಕೆ ಹಾರಿತು. ನಂದನ ತಲೆ ಹಲಗೆಗೆ ಅಪ್ಪಳಿಸಿ ಹಣೆ ಒಡೆಯಿತು. ಎತ್ತಿಕೊಂಡ. ಬೇರೆ ಮೊಳೆ ಹುಡುಕಿದ. ಎಲ್ಲ ತುಂಬಿವೆ. ಖಾಲಿ ಇಲ್ಲ.

ಒಂದು ಮೊಳೆಗೆ ಒಬ್ಬನೇ ಮನುಷ್ಯ. ತಾತನದು ತೆಗೆಯಬೇಕು. ತೆಗೆದರೆ ತಾತ ಮತ್ತೆ ಕೆಳಕ್ಕೆ. ಅಲ್ಲಿ ನಿಂತು, ಕಣ್ಣಿಗೆ ರಕ್ತ ಇಳಿಯುತ್ತಿರುವಾಗ, ಇದನ್ನು ಯೋಚಿಸಿದೆ ಎನ್ನುತ್ತಾನೆ ಬಿಕಾಂ ಹುಡುಗ. ಆಮೇಲೆ ಪಕ್ಕೆಗೆ ಇನ್ನೊಂದು ಬಿತ್ತು. ಯೋಚನೆ ಮುಗಿಯಿತು.

ತಾತನ ಬಿಲ್ಲೆ ಬರಲಿಲ್ಲ. ಒಂದು ಕೈಯಲ್ಲಿ ಎಳೆದ. ಎರಡೂ ಕೈ ಹಾಕಿ, ಹಲಗೆಗೆ ಕಾಲು ಕೊಟ್ಟು ಎಳೆದ. ಆಚೆಯಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿ. ಎಲ್ಲೋ ದೂರದಲ್ಲಿ ಒಂದು ಹೆಣ್ಣುದನಿ ನರಳಿತು... ಅಥವಾ ಹಲಗೆಯೇ ಕಿರುಗುಟ್ಟಿತೋ. ಅವನು ಬಿಡಲಿಲ್ಲ. ಮೈಯ ಭಾರವೆಲ್ಲ ಹಾಕಿ ಜಗ್ಗಿದ.

ಟಕ್ ಎಂದು ಕಳಚಿತು. ಆ ಖಾಲಿ ಮೊಳೆಗೆ ಇನ್ನೊಬ್ಬನ ಬಿಲ್ಲೆ ಹಾಕಿದ.

ಬೂಟಿನ ಸದ್ದಿಲ್ಲ. ಉಸಿರಿಲ್ಲ. ಕಾಡಿನ ಹಕ್ಕಿಗಳು ಕೂಗತೊಡಗಿದ್ದವು.

ಮುನೀಂದ್ರ ಬದುಕಿದ. ಊರಿನ ಪುಂಡರು ಹೊಡೆದರು ಎಂದು ಕಾಲೇಜು ಮನೆಯವರಿಗೆ ತಿಳಿಸಿತು. ಪುಂಡರಿಗೆ ಎಲ್ಲ ದೇಶದಲ್ಲೂ ಬೇಡಿಕೆಯಿದೆ.

ಇನ್ನು ನಾನು ಕಂಡದ್ದು.

ಅಲ್ಲಿ ಬೆಳಗಾಗುವಾಗ ಇಲ್ಲಿ ಇನ್ನೂ ಕಗ್ಗತ್ತಲು. ಅದೇ ದಿನ, ಆ ಕತ್ತಲಲ್ಲೇ, ಚಿಕ್ಕಮ್ಮ ಅನಸೂಯಮ್ಮ ನನಗೆ ಫೋನ್ ಮಾಡಿದರು. ಅಜ್ಜಿ ಬಿದ್ದಿದ್ದಾರೆ, ಕಾರು ತಗೊಂಡು ಬಾ ಎಂದು. ಹೋದೆ. ಅಜ್ಜಿ ಬಚ್ಚಲ ಬಾಗಿಲಲ್ಲಿ ಕೂತಿದ್ದರು. ಬಲಗೈ ಭುಜದಿಂದ ಕಳಚಿ ಜೋತುಬಿದ್ದಿತ್ತು. ಬಿಂದಿಗೆ ಖಾಲಿ. ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು. ನಮ್ಮದು ಕೆಂಪು ಮಣ್ಣಿನ ಊರು. ಆಗ ಅದನ್ನು ಯೋಚಿಸಲು ಹೊತ್ತಿರಲಿಲ್ಲ.

ಕಾರಿನಲ್ಲಿ ಕೇಳಿದೆ, ಕತ್ತಲಲ್ಲಿ ಜಾರಿದಿರಾ ಅಜ್ಜಿ ಎಂದು.

"ಜಾರಿಲ್ಲ ಕಣಪ್ಪಾ. ನಿಮ್ ತಾತ ಬಂದಿದ್ರು. ನೀರ್ ಉಯ್ಕಂಡ್ರು. ಮುದ್ದೆ ಉಂಡ್ರು. ನಿದ್ದೆ ಬತ್ತದೆ ಅಂದ್ರು." ಜೋತ ಕೈಯನ್ನು ಎಡಗೈಯಿಂದ ಮಡಿಲಿಗೆ ಎಳೆದುಕೊಂಡರು. "ಆಮ್ಯಾಕೆ ಯಾರೋ ಇಂದ್ಲಿಂದ ಎಳುದ್ರು. ನಾನ್ ಕೈ ಇಡ್ಕಂಡೆ... ಅವ್ರೂ ಇಡ್ಕಂಡ್ರು. ಎಳ್ದೋನು ವಯಸ್ನುಡುಗ ಕಣಪ್ಪಾ. ಬಲವಾಗಿದ್ದ."

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಭುಜ ಕೂರಿಸಿದರು. ಬಿದ್ದರೆ ಹೀಗಾಗುವುದಿಲ್ಲ, ಯಾರೋ ಜಗ್ಗಿದ್ದಾರೆ ಎಂದು ಡಾಕ್ಟರು ನನ್ನನ್ನೇ ಗುರಾಯಿಸಿ ನೋಡಿದರು. ನಾನು ಬಚ್ಚಲಲ್ಲಿ ಬಿದ್ದರು ಎಂದೇ ಬರೆಸಿದೆ.

ನಾಲ್ಕು ದಿನದ ಮೇಲೆ ನಂದ ಬಂದ, ಹಣೆಗೆ ಹೊಲಿಗೆ ಹಾಕಿಸಿಕೊಂಡು. ಆ ರಾತ್ರಿ ನಮ್ಮ ಮನೆಯ ಮಾಳಿಗೆಯ ಮೇಲೆ ಕೂತು ಈ ಕತೆಯನ್ನೆಲ್ಲ ನನಗೆ ಹೇಳಿದ. ಅಜ್ಜಿಗೆ ಏನಾಯಿತು ಎಂದು ಕೇಳಿದ. ಬಚ್ಚಲಲ್ಲಿ ಜಾರಿದರು ಎಂದೆ. ಇವತ್ತಿಗೂ ಅವನಿಗೆ ಅಷ್ಟೇ ಗೊತ್ತು. ತಾತನ ಬಿಲ್ಲೆಯನ್ನು ಅವನು ದೇವರ ಗೂಡಿನಲ್ಲಿ ಇಟ್ಟಿದ್ದಾನೆ. ಅಜ್ಜಿ ಎಡಗೈಯಲ್ಲಿ ಬಿಂದಿಗೆ ತುಂಬುತ್ತಾರೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆಸ್ಪತ್ರೆಯ ಟ್ಯೂಬ್‌ಲೈಟಿನ ಕೆಳಗೆ, ನರ್ಸು ಬಳೆ ಕತ್ತರಿಸಿ ತೆಗೆಯುವಾಗ, ಅಜ್ಜಿಯ ಕೈಯನ್ನು ಹಿಡಿದುಕೊಂಡಿದ್ದವನು ನಾನು. ಮುಂಗೈ ಮೇಲೆ ಯಾರೋ ಬಿಗಿಯಾಗಿ ಹಿಡಿದ ಗುರುತು ನೀಲಿಗಟ್ಟಿತ್ತು. ಹೆಬ್ಬೆರಳು ಒಂದು ಕಡೆ. ಇನ್ನೊಂದು ಕಡೆ ಬೆರಳು ಎರಡೇ.