ಹಲಗೆಯ ಕೆಳಬದಿ

ಫೆಜ್ ನಗರದ ಗಲ್ಲಿಯೊಂದರಲ್ಲಿ, ಊರವರ ರೊಟ್ಟಿ ಬೇಯಿಸುವ ಒಲೆಯ ಮುಂದೆ, ಮನೆಯಲ್ಲಿ ನಾದಿದ ಹಿಟ್ಟನ್ನು ಮರದ ಹಲಗೆಯ ಮೇಲೆ ಹೊತ್ತು ತಂದಿದ್ದ ಹದ್ದಾ ಸರದಿ ಕಾಯುತ್ತಿದ್ದಳು. ಹಿಂದೆ ಇಬ್ಬರು ಶಾಲಾ ಮಕ್ಕಳ ಪಿಸುಮಾತು.

“ಚಿತ್ರಪ್ರದರ್ಶನ ಇವತ್ತೇ ಕಣೋ ಜಲಾಲ್. ಒಬ್ರೂ ಅದರ ಮಾತೇ ಎತ್ತಿಲ್ಲ.”

“ಎಲ್ರೂ ಸೇರಿ ನಲವತ್ತು ಮನೆ ಹಲಗೆ ಮೇಲೆ ಕರೆಯೋಲೆ ಬರೆದಿದ್ದೀವಲ್ಲೇ ಬುಶ್ರಾ.”

“ಮೇಲೆ ಎಲ್ಲೋ? ಕೆಳಬದಿಗೆ!”

“ಮೇಲ್ಗಡೆ ಹಿಟ್ಟು ಇಡ್ತಾರೆ. ತಲೆ ಮೇಲೆ ಹೊತ್ಕೊಂಡು ಹೋಗೋವಾಗ ಕೆಳಗಿಂದ ಚೆನ್ನಾಗಿ ಕಾಣುತ್ತೆ.”

“ನಮಗೆ ಕಾಣುತ್ತೆ ಕಣೋ ಕುಳ್ಳ! ದೊಡ್ಡೋರಿಗೆ ಬರೀ ರೊಟ್ಟಿ ಕಾಣುತ್ತೆ.”

“ಯಾರೂ ಬರದಿದ್ರೆ?”

“ಮೇಷ್ಟ್ರಿಗೆ ನೀನೇ ಹೇಳು.”

ಇಬ್ಬರೂ ಶಾಲೆಯ ಕಡೆ ಓಡಿದರು.

ಹದ್ದಾ ಬೆಂದ ರೊಟ್ಟಿಯನ್ನು ಬಟ್ಟೆಗೆ ಸುತ್ತಿ, ಹಲಗೆಯನ್ನು ತಿರುವಿದಳು. ಕೆಳಬದಿಯಲ್ಲಿ ಬಣ್ಣದಲ್ಲಿ ಬರೆದ ನೀಲಿ ಬಾಗಿಲು, ಸುತ್ತ ಪುಟ್ಟ ಬೆರಳಚ್ಚುಗಳು: ‘ಇಳಿಹೊತ್ತಿನ ಅಸರ್ ನಮಾಜಿನ ನಂತರ ಶಾಲೆಗೆ ಬನ್ನಿ.’ ಚಿತ್ರ ಹೊರಗೆ ಕಾಣುವಂತೆ ಹಲಗೆಯನ್ನು ಎದೆಗವಚಿಕೊಂಡು, ಅವಳು ಮನೆಗೆ ಸುತ್ತುದಾರಿ ಹಿಡಿದಳು.